ಒಂದೊಂದೇ ಬದಲಿಸಿ ನೋಡಿದವರು

ಈ ಅಭಿನಂದನ ಸಂಪುಟದಲ್ಲಿ ನಾನು ಬರೆಯುವುದು ಸರಿಯೇ ಎಂಬ ಅಳುಕು ಈ ಸಾಲು ಬರೆಯುವಾಗಲೂ ಹೋಗಿಲ್ಲ. ನನ್ನ ಹಿಂದಿನ ಮುಂದಿನ ಪುಟಗಳಲ್ಲಿ ಬರೆದಿರುವವರು ವಿದ್ವಾಂಸರು, ಸಂಸ್ಥೆಗಳನ್ನು ನಡೆಸಿದವರು. ನಾನಾದರೋ ಹಗಲೆಲ್ಲ ಕೆಲಸ ಮಾಡಿ ಸಂಜೆಯ ತರಗತಿಯಲ್ಲಿ ಕುಳಿತು ಕಲಿತವನು, ಅದರಲ್ಲೂ ಅರ್ಧ ಪಾಠವನ್ನು ತೂಕಡಿಕೆಗೆ ಒಪ್ಪಿಸಿದವನು. ಸಂಪಾದಕರು ಕೇಳಿದಾಗ ಬೇರೆಯವರನ್ನು ಸೂಚಿಸಿ ತಪ್ಪಿಸಿಕೊಳ್ಳಲು ನೋಡಿದೆ. ನಿಮ್ಮ ಮೇಡಂ ಅವರ ಪಕ್ಕದ ಮೇಜಿನಲ್ಲಿ ನಿಮ್ಮಷ್ಟು ವರ್ಷ ಕುಳಿತವರು ಇನ್ನಾರಿದ್ದಾರೆ ಎಂದು ಕೇಳಿದರು. ಆದ್ದರಿಂದ ಧೈರ್ಯ ಮಾಡಿದ್ದೇನೆ. ತಪ್ಪಿದ್ದಲ್ಲಿ ಓದುಗರು ಮನ್ನಿಸಬೇಕು. ಮೇಡಂ ಅವರು ಮನ್ನಿಸುವುದಿಲ್ಲ. ಯಾವ ವಾಕ್ಯದಲ್ಲಿ ಕೆಟ್ಟಿದೆ ಎಂದು ಹುಡುಕುತ್ತಾರೆ.

ಕಣ್ಣು ಕಾಣದ ಓದುಗರಿಗೆ ಪುಸ್ತಕ ಒದಗಿಸುವ ಕೆಲಸದಲ್ಲಿ ಲಿಪಿ ಬದಲಿಸುವವರನ್ನೂ, ಕರಡು ತಿದ್ದುವವರನ್ನೂ, ದನಿ ಕೊಟ್ಟು ಓದುವವರನ್ನೂ ಜನ ನೆನೆಯುತ್ತಾರೆ, ನೆನೆಯಬೇಕಾದದ್ದೇ. ಇವರೆಲ್ಲರ ಯಂತ್ರಗಳು ಬೆಳಿಗ್ಗೆ ಗುಂಡಿ ಒತ್ತಿದ ಕೂಡಲೇ ಎದ್ದು ಕೂರಬೇಕು ಎಂಬುದನ್ನು ಮಾತ್ರ ಯಾರೂ ನೆನೆಯುವುದಿಲ್ಲ, ಏಕೆಂದರೆ ಅವು ಎದ್ದು ಕೂರುತ್ತಿದ್ದವು. ನಮ್ಮ ಬ್ರೈಲ್ ಮುದ್ರಣಾಲಯದಲ್ಲಿ ಅವು ಹಾಗೆ ಏಳುವಂತೆ ನೋಡಿಕೊಂಡವರು, ಯಂತ್ರ ವಿಭಾಗದ ಮುಖ್ಯಸ್ಥರಾಗಿ ಈಗ ನಿವೃತ್ತರಾಗುತ್ತಿರುವ ಮೇಡಂ ಅವರು. ನಮ್ಮ ಕ್ಷೇತ್ರದಲ್ಲಿ ಅವರ ಸ್ಥಾನ ಯಾವುದೆಂದು ಯಾರಾದರೂ ಕೇಳಿದರೆ ನಾನು ಹೇಳುವುದಿಷ್ಟೆ: ಗೋಡೆಗೂ ಯಂತ್ರಕ್ಕೂ ನಡುವಿನ ಆ ಧೂಳಿನ ಜಾಗ, ಉಳಿದವರು ಪೆನ್ನು ಬಿದ್ದಾಗ ಮಾತ್ರ ಬಗ್ಗುವ ಜಾಗ.

ಅವರು ಸೇವೆಗೆ ಸೇರಿದಾಗ ಇಡೀ ಮುದ್ರಣಾಲಯಕ್ಕೆ ಇದ್ದದ್ದು ಒಂದೇ ಕಂಪ್ಯೂಟರ್ ಎಂದು ಹಿರಿಯರಿಂದ ಕೇಳಿದ್ದೇನೆ. ಅದು ನಿರ್ದೇಶಕರ ಕೋಣೆಯಲ್ಲಿ ಬಟ್ಟೆ ಹೊದ್ದು ಮಲಗಿರುತ್ತಿತ್ತು. ಅತಿಥಿಗಳು ಬಂದಾಗ ಹೊದಿಕೆ ತೆಗೆದು ತೋರಿಸಿ ಮತ್ತೆ ಹೊದಿಸುತ್ತಿದ್ದರು. ಹೊದಿಕೆಯನ್ನು ಕಿತ್ತು, ಯಂತ್ರವನ್ನು ಕೆಲಸ ಮಾಡುವವರ ಕೋಣೆಗೆ ಸಾಗಿಸಿದವರು ಮೇಡಂ. ಹೊದಿಕೆಯೂ ವ್ಯರ್ಥವಾಗಲಿಲ್ಲ. ಅವರ ಯಜಮಾನರು ದರ್ಜಿಗಳು. ಅದೇ ಬಟ್ಟೆಯಲ್ಲಿ ಉಪಕರಣಗಳಿಗೆ ಜೇಬುಗಳಿರುವ ಸುರುಳಿಚೀಲವೊಂದನ್ನು ಹೊಲಿದುಕೊಟ್ಟರು. ಸ್ಕ್ರೂಡ್ರೈವರುಗಳೂ ಚಿಮುಟವೂ ಭೂತಗನ್ನಡಿಯೂ ಇಂದಿಗೂ ಅದರಲ್ಲೇ ಇವೆ.

ಅವರ ಕೆಲಸದ ರೀತಿಯನ್ನು ಒಂದೇ ಪದದಲ್ಲಿ ಹೇಳಬಹುದು. ಆ ಪದವೇ ಅವರ ಹೆಸರೂ ಆಗಿಹೋಯಿತು. ಯಾವ ಯಂತ್ರ ಮೊರೆಯಿಟ್ಟರೂ ನಾವು ತಂತಿ ಕಿತ್ತು, ಮೌಸ್ ಬದಲಿಸಿ, ಗುಂಡಿ ಆರಿಸಿ ಹೊತ್ತಿಸಿ, ಎಲ್ಲವನ್ನೂ ಒಟ್ಟಿಗೆ ಮಾಡಲು ಹೋದರೆ ಅವರು ಕೈ ಅಡ್ಡ ಹಿಡಿದು, "ಒಂದೊಂದೇ" ಎನ್ನುತ್ತಿದ್ದರು. ಎರಡನ್ನು ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ, ತಿಳಿಯದೆ ಸರಿಹೋದದ್ದು ತಿಳಿಯದೆಯೇ ಕೆಡುತ್ತದೆ ಎಂಬುದು ಅವರ ಸಿದ್ಧಾಂತ. ಹೀಗೆ ಬೆನ್ನ ಹಿಂದೆ ಅವರು ‘ಒಂದೊಂದೇ ಮೇಡಂ’ ಆದರು. ಇದು ಅವರಿಗೆ ಗೊತ್ತಿಲ್ಲವೆಂದು ನಾವೆಲ್ಲ ತಿಳಿದಿದ್ದೆವು. ಒಮ್ಮೆ ಅವರ ಯಜಮಾನರು ಕಚೇರಿಗೆ ಬಂದವರು, "ಮನೆಯಲ್ಲೂ ಹೀಗೇ ಸ್ವಾಮೀ. ಅಡುಗೆ ಸಪ್ಪೆ ಅಂತ ಬಾಯಿ ತಪ್ಪಿ ಅಂದ್ರೆ ಮುಗೀತು. ಮೊದಲು ಉಪ್ಪು ಮಾತ್ರ ಹಾಕಿ ಕೂತ್ಕೊಳ್ತಾಳೆ. ಹುಳಿ ಖಾರ ಮುಟ್ಟೋ ಹಾಗಿಲ್ಲ, ನಮ್ಮ ಹೊಟ್ಟೆ ಕಾಯ್ಬೇಕು" ಎಂದು ಅವರ ಎದುರಿಗೇ ಹೇಳಿದ ಮೇಲೆ ಮುಚ್ಚುಮರೆ ಉಳಿಯಲಿಲ್ಲ.

ನಾನು ಅವರ ಕೈಕೆಳಗೆ ಸಹಾಯಕನಾಗಿ ಸೇರಿದಾಗ ಸಂಜೆ ಕಾಲೇಜಿನಲ್ಲಿ ಓದುತ್ತಿದ್ದೆ. ಕೆಲಸ ಅರ್ಧಕ್ಕೆ ಬಿಟ್ಟು ಎದ್ದರೆ ತಪ್ಪು, ಏಳದಿದ್ದರೆ ಹಾಜರಿ ತಪ್ಪು. ಗಡಿಯಾರ ನೋಡುವುದನ್ನು ಅವರು ನೋಡಬಾರದೆಂದು ಕಿಟಕಿಯ ಗಾಜಿನಲ್ಲಿ ಅದರ ಪ್ರತಿಬಿಂಬ ನೋಡುತ್ತಿದ್ದೆ. ಅವರು ತಲೆ ಎತ್ತದೆಯೇ, "ಹೋಗಪ್ಪಾ. ಯಂತ್ರ ನಾಳೆನೂ ಕೆಟ್ಟೇ ಇರುತ್ತೆ, ಇವತ್ತಿನ ಪಾಠ ನಾಳೆ ಇರಲ್ಲ" ಎನ್ನುತ್ತಿದ್ದರು. ನನ್ನ ಪದವಿ ಪ್ರಮಾಣಪತ್ರಕ್ಕೆ ವಿಶ್ವವಿದ್ಯಾಲಯದವರ ಸಹಿ ಇದೆ. ಅದರ ಪಕ್ಕದಲ್ಲಿ ಇನ್ನೊಂದು ಸಹಿ ಇರಬೇಕಾಗಿತ್ತು.

ಅವರ ಗುಣಗಳನ್ನು ಸಾಲಾಗಿ ಹೇಳುತ್ತಾ ಹೋದರೆ ಈ ಲೇಖನ ಹೊಗಳಿಕೆಯ ಪಟ್ಟಿಯಾಗುತ್ತದೆ. ಯಂತ್ರದ ಬಳಿ ಲೋಟ ಕಂಡರೆ ಅವರಿಗೆ ಬರುತ್ತಿದ್ದ ಸಿಟ್ಟು ನೋಡಿದವರು ಆ ಪಟ್ಟಿಯನ್ನು ನಂಬುವುದೂ ಇಲ್ಲ. ಅದರ ಬದಲು ನಾನು ಪಕ್ಕದಲ್ಲಿದ್ದು ಕಂಡ ಒಂದೇ ಪ್ರಸಂಗವನ್ನು ಹೇಳುತ್ತೇನೆ.

ನಮ್ಮಲ್ಲಿ ಕರಡು ತಿದ್ದಲು ಒಬ್ಬ ಯುವತಿ ತಾತ್ಕಾಲಿಕವಾಗಿ ಸೇರಿದ್ದರು. ಹುಟ್ಟಿನಿಂದಲೇ ಕಣ್ಣು ಕಾಣದವರು, ಮಾತಿನಲ್ಲಿ ಚುರುಕು. ಎಲ್ಲರೂ ಅವರನ್ನು ‘ಕರಡು ತಂಗಿ’ ಎನ್ನುತ್ತಿದ್ದೆವು. ಅವರು ಕೆಲಸ ಮಾಡುತ್ತಿದ್ದದ್ದು ‘ಬ್ರೈಲ್ ಪಟ್ಟಿ’ ಎಂಬ ಸಾಧನದ ಮೇಲೆ. ಕೀಲಿಮಣೆಯ ಮುಂದೆ ಇಡುವ ಉದ್ದನೆಯ ಪೆಟ್ಟಿಗೆ ಅದು. ಪರದೆಯ ಮೇಲಿನ ಸಾಲು ಅದರಲ್ಲಿ ಸಾಸಿವೆಯಷ್ಟು ಸಣ್ಣ ಮೊಳೆಗಳಾಗಿ ಎದ್ದು ನಿಲ್ಲುತ್ತದೆ, ಬೆರಳಾಡಿಸಿ ಓದಬಹುದು. ಕಾಗದದಲ್ಲಿ ಉಬ್ಬುಚುಕ್ಕಿ ಒತ್ತಿ, ತಪ್ಪು ಹುಡುಕಿ, ಮತ್ತೆ ಒತ್ತುವ ಹಳೆಯ ಕ್ರಮಕ್ಕಿಂತ ಅದೆಷ್ಟೋ ಪಾಲು ಬೇಗ. ಇಡೀ ಸಂಸ್ಥೆಗೆ ಅಂಥ ಪಟ್ಟಿ ಒಂದೇ ಇತ್ತು. ಅದರ ಮೇಲೆ ಅವರು ತೋರಿಸುತ್ತಿದ್ದ ವೇಗವೇ ಅವರ ಕೆಲಸ ಕಾಯಂ ಆಗಲು ಇದ್ದ ಏಕೈಕ ವಾದ. ಅದನ್ನು ತೀರ್ಮಾನಿಸುವ ಸಮಿತಿಯ ಸಭೆ ಹತ್ತಿರ ಬಂದಿತ್ತು.

ಆ ಹೊತ್ತಿಗೇ ಪಟ್ಟಿ ಕೈಕೊಟ್ಟಿತು. ಸಾಲಿನ ನಡುವೆ ಮೊಳೆಗಳೆಲ್ಲ ಒಮ್ಮೆಲೇ ಕುಸಿಯುತ್ತಿದ್ದವು. ಕೇಬಲ್ಲನ್ನು ಕೊಂಚ ಅಲುಗಿಸಿದರೆ ಏಳುತ್ತಿದ್ದವು, ಮತ್ತೆ ಬೀಳುತ್ತಿದ್ದವು. ಒಂದು ಬೆಳಿಗ್ಗೆ ಏನು ಅಲುಗಿಸಿದರೂ ಏಳಲಿಲ್ಲ.

ವ್ಯವಸ್ಥಾಪಕರು ಬಂದು ಮೇಜಿನ ಕೆಳಗೆ ಬಗ್ಗಿ ನೋಡಿದರು. ಪಟ್ಟಿಯ ಕೇಬಲ್ಲಿನ ಪ್ಲಗ್ ಸೇರುವ ಕಂಪ್ಯೂಟರಿನ ಯುಎಸ್‌ಬಿ ಪೋರ್ಟ್, ಆ ಸಣ್ಣ ಚಪ್ಪಟೆ ಬಾಯಿ, ಸೊಟ್ಟಗಾಗಿತ್ತು. ಅವರು ಕೆಟ್ಟವರಲ್ಲ, ಅವಸರದವರು. ಈಕೆ ಕಾಣದೆ ತಲೆಕೆಳಗಾಗಿ ತುರುಕಿದ್ದಾರೆ, ಅದರಿಂದ ಪೋರ್ಟೂ ಹೋಗಿದೆ ಪಟ್ಟಿಯೂ ಹೋಗಿದೆ ಎಂದು ಅಲ್ಲೇ ತೀರ್ಪು ಕೊಟ್ಟರು. ಪಟ್ಟಿಯನ್ನು ರಿಪೇರಿಗೆ ದೂರ ಕಳಿಸಬೇಕು, ತಿಂಗಳುಗಟ್ಟಲೆ ಆಗುತ್ತದೆ, ಅಲ್ಲಿಯವರೆಗೆ ಈಕೆ ಟೆಲಿಫೋನ್ ಮೇಜಿನಲ್ಲಿ ಕೂರಲಿ ಎಂದರು. ಟೆಲಿಫೋನ್ ಮೇಜಿಗೆ ಹೋದವರು ಕರಡಿಗೆ ಮರಳಿದ ಉದಾಹರಣೆ ನಮ್ಮಲ್ಲಿ ಇರಲಿಲ್ಲ. ತಂಗಿ ಬೆರಳುಗಳನ್ನು ಸತ್ತ ಪಟ್ಟಿಯ ಮೇಲೆ ಇಟ್ಟುಕೊಂಡೇ ಇದ್ದರು.

ಮೇಡಂ ಬರುವಷ್ಟರಲ್ಲಿ ಇನ್ನೊಂದು ಅನಾಹುತವಾಗಿತ್ತು. ನಮ್ಮ ಉಗ್ರಾಣದವರಿಗೆ ‘ಬೀಗದಣ್ಣ’ ಎಂದು ಹೆಸರು. ಬೀಗ ಹಾಕದ ವಸ್ತು ಕಳುವಾದ ವಸ್ತು ಎಂದು ನಂಬಿದವರು, ತುಂಬು ಹೃದಯದವರು. ತಂಗಿಗೆ ಸಹಾಯ ಮಾಡೋಣವೆಂದು ತಮ್ಮ ಪೆನ್ ಡ್ರೈವನ್ನು ಆ ಸೊಟ್ಟ ಪೋರ್ಟಿಗೆ ಒತ್ತಿ ನೋಡಿದರು. ಕೆಲಸ ಮಾಡಲಿಲ್ಲ. ಪೆನ್ ಡ್ರೈವೇ ಕೆಟ್ಟಿರಬಹುದೆಂದು ಅದನ್ನು ಒಯ್ದು ಧ್ವನಿಮುದ್ರಣ ಕೋಣೆಯ ಯಂತ್ರಕ್ಕೆ ಒತ್ತಿದರು. ಆ ಯಂತ್ರ ಆರಿಹೋಯಿತು. ಒಳಗೆ ದನಿ ಕೊಡುತ್ತಿದ್ದವರು ಯಾರೂ ಕೇಳುತ್ತಿಲ್ಲವೆಂದು ತಿಳಿಯದೆ ಅಧ್ಯಾಯ ಮುಗಿಸಿಯೇ ಹೊರಬಂದರು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಕೇಳಿದ್ದೆ. ನೀವು ಜ್ವರಾನೇ ಎಮ್ಮೆಗೆ ಹಚ್ಚಿ ಬಂದ್ರಲ್ಲ ಬೀಗದಣ್ಣ" ಎಂದರು ಮೇಡಂ.

"ಪರೀಕ್ಷೆ ಮಾಡ್ದೆ ತಾಯೀ" ಎಂದು ಅವರು ತಲೆ ಕೆರೆದುಕೊಂಡರು.

ಅನುಮಾನದ ಪೋರ್ಟಿಗೆ ಒಳ್ಳೆಯ ವಸ್ತು ಚುಚ್ಚಬಾರದು, ಅನುಮಾನದ ಪ್ಲಗ್ಗನ್ನು ಒಳ್ಳೆಯ ಪೋರ್ಟಿಗೆ ಚುಚ್ಚಬಾರದು. ಕೆಟ್ಟದ್ದು ಮುಟ್ಟಿದ್ದನ್ನೆಲ್ಲ ಕೆಡಿಸುತ್ತದೆ ಎಂದು ಮೇಡಂ ವಿವರಿಸಿದರು. ಹಾಗಾದರೆ ಪರೀಕ್ಷಿಸುವುದು ಹೇಗೆ ಎಂದು ವ್ಯವಸ್ಥಾಪಕರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಮೇಡಂ ಮೊದಲು ಕಣ್ಣಿನಿಂದ ಎಂದರು. ಆಮೇಲೆ ಹೋದರೂ ಅಳುವವರಿಲ್ಲದ ವಸ್ತುಗಳಿಂದ.

ಸುರುಳಿಚೀಲ ಬಿಚ್ಚಿಕೊಂಡಿತು. ನಾನು ಟಾರ್ಚ್ ಹಿಡಿದೆ, ಅವರು ಭೂತಗನ್ನಡಿ. ಪೋರ್ಟಿನೊಳಗೆ ಲೋಹದ ಎಳೆಗಳನ್ನು ಹೊತ್ತ ಪ್ಲಾಸ್ಟಿಕ್ಕಿನ ಸಣ್ಣ ನಾಲಿಗೆಯೊಂದಿರುತ್ತದೆ. ಅದು ಸೀಳಿತ್ತು, ಒಂದು ಎಳೆ ಕಿತ್ತು ಹೋಗಿತ್ತು. ಆ ಎಳೆ ಬೀಗದಣ್ಣನ ಪೆನ್ ಡ್ರೈವಿನಲ್ಲಿ ಸಿಕ್ಕಿತು. ಚಿಮುಟದಿಂದ ಎಳೆದು ಅವರ ಅಂಗೈಮೇಲಿಟ್ಟಾಗ ಅವರು ಮುಳ್ಳು ತೆಗೆಸಿಕೊಂಡವರಂತೆ ನಿಟ್ಟುಸಿರುಬಿಟ್ಟರು. ಧ್ವನಿಮುದ್ರಣ ಕೋಣೆಯ ಯಂತ್ರ ತನ್ನನ್ನು ತಾನೇ ಕಾಪಾಡಿಕೊಳ್ಳಲು ಆರಿತ್ತು. ಕೊಂಚ ಹೊತ್ತಿನಲ್ಲಿ ಎದ್ದಿತು. ಪಟ್ಟಿಯ ಕೇಬಲ್ಲನ್ನು ನೋಡಿದರೆ ಅದರ ಪ್ಲಗ್ಗಿನ ಲೋಹದ ತುಟಿ ಅಗಲವಾಗಿ ಬಿರಿದಿತ್ತು.

ಹೀಗೆ ಪೋರ್ಟ್ ಕೆಟ್ಟಿದೆ, ಕೇಬಲ್ ಕೆಟ್ಟಿದೆ ಎಂದಾಯಿತು. ಪಟ್ಟಿ ಕೆಟ್ಟಿದೆಯೇ? ಉಳಿದ ಪ್ರಶ್ನೆ ಅದೊಂದೇ, ತಂಗಿಯ ಕೆಲಸ ನಿಂತದ್ದೂ ಅದರ ಮೇಲೆಯೇ. ಮೇಡಂ ಪಟ್ಟಿಯ ಬಾಯಿಯನ್ನೂ ಗಾಜಿನಲ್ಲಿ ನೋಡಿ, ಹೊಸ ಕೇಬಲ್ ಸಿಕ್ಕಿಸಿ, ಅದಕ್ಕೂ ಇನ್ನೊಂದು ಯಂತ್ರಕ್ಕೂ ನಡುವೆ ಒಂದು ಹಳೆಯ ಹಬ್ ಇಟ್ಟರು. ಒಂದು ಪೋರ್ಟನ್ನು ನಾಲ್ಕಾಗಿ ಕವಲೊಡೆಸುವ ಅಗ್ಗದ ಡಬ್ಬಿ ಅದು. ಸುಟ್ಟರೆ ಅದು ಸುಡಲಿ ಎಂಬ ಲೆಕ್ಕ. ತಂಗಿ ಬೆರಳಿಟ್ಟುಕೊಂಡು ಕುಳಿತರು. ಗುಂಡಿ ಒತ್ತಿದೆವು.

"ಎದ್ವು" ಎಂದರು ತಂಗಿ. ಮರುಕ್ಷಣವೇ, "ಬಿದ್ವು" ಎಂದರು.

ಮತ್ತೆ ಮಾಡಿದರೂ ಅದೇ. ವ್ಯವಸ್ಥಾಪಕರು ಪಾಪ, ಅವರಿಗೂ ಬೇಸರವಾಗಿತ್ತು. ಇನ್ನು ಎಳೆಯುವುದು ಬೇಡ, ಸಾಧನವೇ ಹೋಗಿದೆ ಎಂದು ಒಪ್ಪಿಕೊಳ್ಳೋಣ ಎಂದರು. ನನಗೂ ಹಾಗೇ ಅನಿಸಿತೆಂದು ಹೇಳಲು ಸಂಕೋಚವಾಗುತ್ತದೆ. ಹೊಸ ಕೇಬಲ್, ಒಳ್ಳೆಯ ಯಂತ್ರ, ಆದರೂ ಬಿದ್ದಿತೆಂದರೆ ಇನ್ನೇನು ಉಳಿಯಿತು?

"ಹಬ್ ಉಳೀತು" ಎಂದರು ಮೇಡಂ. "ಅಷ್ಟೊಂದು ಮೊಳೆ ಎತ್ತಬೇಕು ಅಂದ್ರೆ ಪಟ್ಟಿಗೆ ಕರೆಂಟ್ ಬೇಕು. ಈ ಡಬ್ಬಿ ತಾನೇ ಇನ್ನೊಬ್ಬರ ಹತ್ರ ಬೇಡಿ ತಿನ್ನೋದು. ಇದು ಯಾರಿಗೆ ಉಣಿಸುತ್ತೆ?"

ಹಬ್ ತೆಗೆದು ನೇರವಾಗಿ ಜೋಡಿಸಬೇಕು. ಆದರೆ ನಡುವೆ ಕಾವಲಿಲ್ಲದೆ ಯಾರ ಯಂತ್ರಕ್ಕೆ? ಆರಿಹೋದ ಯಂತ್ರವನ್ನು ಆಗಷ್ಟೇ ನೋಡಿದ್ದ ಎಲ್ಲರೂ ಕಣ್ಣು ತಪ್ಪಿಸಿದರು. ವ್ಯವಸ್ಥಾಪಕರು ತಮ್ಮದರಲ್ಲಿ ಮುಖ್ಯವಾದ ಕಡತಗಳಿವೆ ಎಂದರು. ಮೇಡಂ ಯಾರನ್ನೂ ಕೇಳಲಿಲ್ಲ. ಪಟ್ಟಿಯನ್ನು ಮಗುವನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು ತಮ್ಮ ಮೇಜಿಗೆ ನಡೆದರು. ಅವರ ಯಂತ್ರದಲ್ಲಿ ಸಂಸ್ಥೆಯ ಎಲ್ಲ ಯಂತ್ರಗಳ ಕಡತಗಳ ನಕಲು ಪ್ರತಿಗಳಿದ್ದವು. ಅದು ಹೋದರೆ ಏನು ಹೋಗುತ್ತದೆಂದು ನಮ್ಮೆಲ್ಲರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ತಂಗಿ ಅವರ ಕುರ್ಚಿಯಲ್ಲಿ ಕುಳಿತು ಬೆರಳು ಚಾಚಿದರು. ಮೇಡಂ ಪ್ಲಗ್ ಸೇರಿಸಿದರು.

ತಂಗಿಯ ಬೆರಳು ಎಡದಿಂದ ಬಲಕ್ಕೆ ಹೋಯಿತು, ಮತ್ತೆ ಎಡಕ್ಕೆ ಬಂದು ಇನ್ನೊಮ್ಮೆ ಹೋಯಿತು. ಅವರ ಮುಖ ಮೊದಲು ಗಂಭೀರವಾಯಿತು, ಆಮೇಲೆ ತುಟಿ ನಡುಗಿತು, ಆಮೇಲೆ ಅವರಿಗೆ ತಡೆದುಕೊಳ್ಳಲಾಗಲಿಲ್ಲ.

"ಮೇಡಂ, ನೀವು ಇಸ್ಪೀಟ್ ಆಟ ಅರ್ಧಕ್ಕೇ ಬಿಟ್ಟು ಬಂದಿದ್ದೀರಿ."

ಆ ಕೋಣೆಯಲ್ಲಿ ಎದ್ದ ನಗುವನ್ನು ವರ್ಣಿಸಲು ನನ್ನ ಭಾಷೆ ಸಾಲದು. ಬೀಗದಣ್ಣ ಕಣ್ಣೊರೆಸಿಕೊಳ್ಳುತ್ತಿದ್ದರು. ವ್ಯವಸ್ಥಾಪಕರು ಕೆಲಸದ ವೇಳೆಯಲ್ಲಿ ಆಟವೇ ಎಂದು ಕೇಳಲು ಬಾಯಿ ತೆರೆದವರು ತಾವೂ ನಕ್ಕುಬಿಟ್ಟರು. ಮೇಡಂ ಮಾತ್ರ ಏನೂ ಆಗದವರಂತೆ, ಅದು ಮೌಸ್ ಪರೀಕ್ಷೆಗೆ ಎಂದರು. ಪಟ್ಟಿ ಕೆಟ್ಟಿರಲಿಲ್ಲ. ಇಡೀ ದಿನ ಅದರ ಮೊಳೆಗಳು ಒಮ್ಮೆಯೂ ಬೀಳಲಿಲ್ಲ.

ಪಟ್ಟಿ ಉಳಿಯಿತು, ಆದರೆ ಆರೋಪ ಉಳಿದಿತ್ತು. ಪೋರ್ಟು ಹಾಳಾದದ್ದು ಕಾಣದ ಕೈಯಿಂದ ಎಂಬ ಮಾತು ಸಮಿತಿಗೆ ಹೋದರೆ ಸಾಕು, ತಂಗಿಯನ್ನು ಯಂತ್ರದಿಂದ ದೂರವಿಡಲು. ಮೇಡಂ ವಾದಿಸಲಿಲ್ಲ. ಗುಜರಿಗೆ ಹೊರಟಿದ್ದ ಒಂದು ಬೋರ್ಡನ್ನು ಮೇಜಿನ ಕೆಳಗೆ, ನಿಜವಾದ ಪೋರ್ಟ್ ಇದ್ದಷ್ಟೇ ಒಳಗೆ ಕಟ್ಟಿ, ಒಂದು ಹಳೆಯ ಕೇಬಲ್ ಕೊಟ್ಟು ಒಬ್ಬೊಬ್ಬರನ್ನೇ ಚುಚ್ಚಲು ಕರೆದರು. ಬೀಗದಣ್ಣ ಚುಚ್ಚಿದರು, ಹೋಗಲಿಲ್ಲ. ತಿರುಗಿಸಿದರು, ಹೋಗಲಿಲ್ಲ. ಮತ್ತೆ ಮೊದಲಿನಂತೆಯೇ ತಿರುಗಿಸಿದಾಗ ಹೋಯಿತು. ವ್ಯವಸ್ಥಾಪಕರು ಕನ್ನಡಕ ಸರಿಮಾಡಿಕೊಂಡು ಮಂಡಿಯೂರಿದರು. ಅವರದೂ ಅದೇ ಕಥೆ. ನನ್ನದನ್ನು ಹೇಳುವುದೇ ಬೇಡ. ತಂಗಿ ಹೆಬ್ಬೆರಳಿನಿಂದ ಪ್ಲಗ್ಗಿನ ಮೇಲಿನ ಉಬ್ಬುಗುರುತನ್ನು ಸವರಿ, ಇನ್ನೊಂದು ಕೈಯಿಂದ ಪೋರ್ಟಿನ ನಾಲಿಗೆ ಯಾವ ಕಡೆಗಿದೆ ಎಂದು ಮುಟ್ಟಿ ನೋಡಿ, ಒಂದೇ ಸಲಕ್ಕೆ ಸೇರಿಸಿದರು.

"ನೀವೆಲ್ಲ ನೋಡ್ಕೊಂಡು ಮಾಡ್ತೀರಲ್ಲ, ಅದಕ್ಕೇ ಹೋಗಲ್ಲ" ಎಂದರು ತಂಗಿ.

ಆಮೇಲೆ ಮೇಡಂ ನಿಜವಾದ ವಿಷಯಕ್ಕೆ ಬಂದರು. ಪಟ್ಟಿ ಬೆಲೆಬಾಳುವಂಥದ್ದೆಂದು ಅದನ್ನು ಪ್ರತಿ ಸಂಜೆ ಕಿತ್ತು ಉಗ್ರಾಣದ ಬೀರುವಿನಲ್ಲಿಟ್ಟು ಬೀಗ ಹಾಕುವುದು, ಪ್ರತಿ ಬೆಳಿಗ್ಗೆ ತಂದು ಮತ್ತೆ ಚುಚ್ಚುವುದು ನಮ್ಮಲ್ಲಿ ಮೊದಲಿನಿಂದ ಬಂದ ಪದ್ಧತಿ. ಬೆಳಿಗ್ಗೆ ಕೆಲವೊಮ್ಮೆ ಬೀಗದಣ್ಣ, ಕೆಲವೊಮ್ಮೆ ತಂಗಿ, ಕೆಲವೊಮ್ಮೆ ಯಾರು ಕೈಗೆ ಸಿಕ್ಕರೋ ಅವರು. ಮೇಜಿನ ಕೆಳಗಿನ ಕತ್ತಲಲ್ಲಿ, ಅವಸರದಲ್ಲಿ, ವರ್ಷಗಟ್ಟಲೆ. ಹಾಗೆ ಮಾಡಿದರೆ ಯಾವ ಪೋರ್ಟ್ ತಾನೇ ಬಾಳುತ್ತದೆ? ಕಳ್ಳರಿಂದ ಕಾಪಾಡಲು ಹೋಗಿ ನಾವೇ ಅದನ್ನು ದಿನಾ ಕೊಂಚ ಕೊಂಚ ಕೊಂದಿದ್ದೆವು. ಬೇಲಿಯೇ ಎದ್ದು ಹೊಲ ಮೇಯ್ದ ಮಾತನ್ನು ವ್ಯವಸ್ಥಾಪಕರೇ ಆಡಿದರು. ಬೀಗದಣ್ಣನ ಮುಖ ಸಣ್ಣದಾದದ್ದನ್ನು ಕಂಡು ಮೇಡಂ, "ನಿಮ್ಮನ್ನಲ್ಲ ಅಂದಿದ್ದು, ಬೀರೂನ" ಎಂದರು.

ಪಟ್ಟಿಯನ್ನು ಮೇಜಿಗೇ ಬಿಗಿದು ಬಿಡಬೇಕು, ಪೋರ್ಟಿಗೆ ಒಂದು ಗೇಣುದ್ದದ ಅಗ್ಗದ ತಂತಿಯನ್ನು ಕಾಯಂ ಆಗಿ ಸಿಕ್ಕಿಸಿ ಸವೆಯುವುದೇನಿದ್ದರೂ ಆ ತಂತಿ ಸವೆಯುವಂತೆ ಮಾಡಬೇಕು ಎಂಬುದು ಅವರ ಪರಿಹಾರ. ರಾತ್ರಿ ಕಳುವಾದರೆ ಹೊಣೆ ಯಾರದು ಎಂದು ವ್ಯವಸ್ಥಾಪಕರು ಕೇಳಿದರು. ತಮ್ಮದೆಂದು ಬರೆದು ಸಹಿ ಹಾಕಿದರು ಮೇಡಂ. ಆ ಪಟ್ಟಿ ಈವರೆಗೆ ಕಳುವಾಗಿಲ್ಲ. ಬೀಗದಣ್ಣ ಮಾತ್ರ ನಿವೃತ್ತರಾಗುವವರೆಗೂ ಮನೆಗೆ ಹೊರಡುವ ಮುನ್ನ ಬಂದು ಅದನ್ನೊಮ್ಮೆ ಮುಟ್ಟಿ ನೋಡಿ ಹೋಗುತ್ತಿದ್ದರು.

ಮುರಿದ ಪೋರ್ಟನ್ನು ಬದಲಿಸುವ ಬೆಸುಗೆಯನ್ನು ಮೇಡಂ ನನ್ನಿಂದ ಮಾಡಿಸಿದರು. ನನ್ನ ಕೈ ನಡುಗುತ್ತಿತ್ತು. ಪಕ್ಕದ ಬಿಂದುವಿಗೆ ತಾಗಿದರೆ ಇಡೀ ಬೋರ್ಡೇ ಹೋಗುತ್ತದೆ ಎಂದು ನಾನೇ ಅವರಿಗೆ ಎಚ್ಚರಿಕೆ ಕೊಡುತ್ತಿದ್ದೆ. ಕೈ ನಡುಗಿದರೆ ನಡುಗಲಿ, ಮೊಣಕೈಯನ್ನು ಮೇಜಿಗೆ ಊರು, ನಡುಕ ಮೇಜಿಗೆ ಹೋಗುತ್ತದೆ ಎಂದರು. ಅವರು ನೋಡುತ್ತಾ ನಿಂತರೆ ನನಗೆ ಕಷ್ಟವೆಂದು ಅವರಿಗೆ ಗೊತ್ತಿತ್ತು. ಅರ್ಧಕ್ಕೆ ಬಿಟ್ಟ ಆಟ ಮುಗಿಸಲು ಹೋದರು. ಆ ಬೆಸುಗೆ ಈಗಲೂ ಗಟ್ಟಿಯಾಗಿದೆ.

ಸಮಿತಿ ಸೇರಿತು, ತಂಗಿಯ ಕೆಲಸ ಕಾಯಂ ಆಯಿತು. ಇಂದು ಅವರು ಕರಡು ವಿಭಾಗದ ಮುಖ್ಯಸ್ಥರು. ಇನ್ನೂ ಮೂರು ಪಟ್ಟಿಗಳು ಬಂದಿವೆ, ಅವುಗಳ ಮೇಲೆ ಅವರೇ ತರಬೇತಿ ಕೊಟ್ಟವರು ಕುಳಿತಿದ್ದಾರೆ. ಈ ಸಂಪುಟದ ಬ್ರೈಲ್ ಪ್ರತಿಯ ಕರಡನ್ನು ತಿದ್ದುತ್ತಿರುವವರೂ ಅವರೇ ಆದ್ದರಿಂದ ಇಲ್ಲಿ ನಾನು ಸುಳ್ಳು ಬರೆದಿದ್ದರೆ ಬೆರಳಿಗೆ ಸಿಕ್ಕಿಬೀಳುತ್ತೇನೆ.

ಮೇಡಂ ಅವರಿಗೆ ದೀರ್ಘಾಯುಷ್ಯವಿರಲಿ, ಆರೋಗ್ಯವಿರಲಿ. ವಿಶ್ರಾಂತಿ ಇರಲಿ ಎಂದು ಹಾರೈಸಲು ಹೋಗುವುದಿಲ್ಲ. ಅವರ ಬೀದಿಯವರೆಲ್ಲ ಕೆಟ್ಟ ರೇಡಿಯೋ, ಮಿಕ್ಸಿ, ಮಕ್ಕಳ ಆಟಿಕೆಗಳನ್ನು ಈಗಾಗಲೇ ಅವರ ಜಗಲಿಯ ಮೇಲೆ ತಂದಿಟ್ಟಿದ್ದಾರೆ ಎಂದು ಅವರ ಯಜಮಾನರು ದೂರುತ್ತಿದ್ದಾರೆ. ಆ ರಾಶಿ ಎಂದೂ ಕರಗದಿರಲಿ, ಒಂದೊಂದೇ ಸರಿಹೋಗುತ್ತಿರಲಿ ಎಂಬುದೇ ನನ್ನ ಹಾರೈಕೆ.

ಒಂದು ಮಾತು ಉಳಿದಿದೆ. ಕಾಯಂ ಆದೇಶ ಕೈಗೆ ಬಂದ ದಿನ ತಂಗಿ ನಮ್ಮ ಕೋಣೆಗೆ ಬಂದು, ನಾನು ಅಲ್ಲಿರುವುದು ತಿಳಿದಿದ್ದೂ, ಮೇಡಂ ಅವರನ್ನು ಕೇಳಿದರು: "ಆ ನಾಲಿಗೆ ಮುರಿದಿದ್ದು ನನ್ನ ಕೈಯಿಂದಲೇ ಇರಬಹುದಾ ಮೇಡಂ? ನಾನೂ ಎಷ್ಟೋ ಬೆಳಿಗ್ಗೆ ಚುಚ್ಚಿದ್ದೀನಿ."

ಇಲ್ಲ ಎನ್ನುತ್ತಾರೆಂದು ನಾನು ಕಾದೆ. ಮೇಡಂ ಕೊಂಚ ಯೋಚಿಸಿದರು. "ಇರಬಹುದಮ್ಮ. ನಂದೂ ಇರಬಹುದು, ಬೀಗದಣ್ಣಂದೂ ಇರಬಹುದು. ಅದನ್ನ ತಿಳಿಯೋಕೆ ದಾರಿ ಇಲ್ಲ. ದಾರಿ ಇಲ್ಲ ಅಂದ ಮೇಲೆ ನಿನ್ನ ತಲೆ ಮೇಲೆ ಹಾಕೋಕೂ ಯಾರಿಗೂ ಹಕ್ಕಿಲ್ಲ. ನಾನು ಅಂದಿದ್ದು ಅಷ್ಟೇ."

ತಂಗಿ ನಕ್ಕು, ಹಾಗಾದರೆ ಸರಿ ಎಂದು ಕೆಲಸಕ್ಕೆ ಹೋದರು. ಪೋರ್ಟು ಮೊದಲು ಸೀಳಿ ಪ್ಲಗ್ಗನ್ನು ಬಿರಿಸಿತೋ, ಪ್ಲಗ್ ಮೊದಲು ಬಿರಿದು ಪೋರ್ಟನ್ನು ಸೀಳಿತೋ, ಆ ಬೆಳಿಗ್ಗೆ ಅದನ್ನು ಹಿಡಿದಿದ್ದ ಕೈ ಯಾರದೋ, ನನಗೆ ಗೊತ್ತಿಲ್ಲ.